ಹಿಟ್ಟಿನ ಹೊತ್ತಿನ ಸಭೆ

ನಮ್ಮ ಬೇಕರಿಯಲ್ಲಿ ಯಜಮಾನ ಅಂತ ಯಾರೂ ಇಲ್ಲ. ನಮ್ಮ ಕರ್ಮವೇ ಅದು. ಯಜಮಾನನಿದ್ದಿದ್ದರೆ ಅವನಿಗೆ ಶಾಪ ಹಾಕಬಹುದಿತ್ತು, ಸಂಜೆ ಮನೆಗೆ ಹೋಗಿ ಗಂಡನ ಮುಂದೆ ಅವನನ್ನು ಹಿಡಿದು ಜಾಡಿಸಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ನಮಗೆ ಆ ಭಾಗ್ಯವೂ ಇಲ್ಲ. ಇಲ್ಲಿ ಕೆಲಸ ಮಾಡುವವರೇ ಯಜಮಾನರು. ಹಳೆಯ ಮಾಲೀಕ ನಷ್ಟ ಅಂತ ಹೇಳಿ ಬಾಗಿಲು ಹಾಕಿಕೊಂಡು ಹೋದಾಗ, ನಾವೇ ಸಂಘ ಕಟ್ಟಿ ಬೇಕರಿಯನ್ನು ಉಳಿಸಿಕೊಂಡೆವು. ಎಲ್ಲರೂ ಸಮ, ಎಲ್ಲರಿಗೂ ಒಂದೊಂದು ಮತ, ಏನೇ ಇದ್ದರೂ ಸಭೆಯಲ್ಲಿ ಕೈ ಎತ್ತಿ ತೀರ್ಮಾನ. ಮುಂಬಾಗಿಲ ಮೇಲೆ ಹಾಗಂತ ಬೋರ್ಡು ಬೇರೆ ಬರೆಸಿದ್ದೇವೆ. ಹೊರಗಿನವರು ಓದಿದರೆ ಕಣ್ಣು ಒದ್ದೆಯಾಗಬೇಕು, ಅಷ್ಟು ಚೆನ್ನಾಗಿದೆ.

ಸಂಘಕ್ಕೊಬ್ಬ ಅಧ್ಯಕ್ಷ. ಅವನನ್ನು ನಾವು ಹೆಂಗಸರು ನಮ್ಮನಮ್ಮಲ್ಲಿ ಕರೆಯುವುದು 'ನಾವೆಲ್ಲ' ಅಂತ. ಬಾಯಿ ತೆಗೆದರೆ ಮೊದಲು ಉದುರುವ ಮಾತೇ ಅದು. "ನಾವೆಲ್ಲ ಒಂದೇ ಮನೆಯವರು." "ನಾವೆಲ್ಲ ಸೇರಿ ಯೋಚನೆ ಮಾಡೋಣ." "ನಾವೆಲ್ಲ ಸ್ವಲ್ಪ ಹೊಂದಿಕೊಂಡು ಹೋಗ್ಬೇಕಮ್ಮಾ." ಹೊಂದಿಕೊಂಡು ಹೋಗಬೇಕಾದವರು ಮಾತ್ರ ಯಾವಾಗಲೂ ನಾವು, ಆತ ಯಾವುದಕ್ಕಾದರೂ ಹೊಂದಿಕೊಂಡಿದ್ದನ್ನು ನಾನಂತೂ ಕಂಡಿಲ್ಲ. ಜೋರು ಮಾಡುವ ಮನುಷ್ಯನಲ್ಲ. ಬೈಯುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಮ್ಮ ಕೈಯಲ್ಲಿದ್ದುದನ್ನು ತೆಗೆದುಕೊಂಡು, ನಾವೇ ಕೊಟ್ಟೆವು ಅಂತ ನಮ್ಮ ಬಾಯಿಂದಲೇ ಹೇಳಿಸುತ್ತಾನೆ.

ಹೇಗೆ ಅಂತ ಕೇಳಿ. ನಾವು ದಿನಕ್ಕೆ ಎರಡು ಸಲ ಹಿಟ್ಟು ಕಲಸುತ್ತೇವೆ. ಮೊದಲನೆಯದು ಆಸ್ಪತ್ರೆಯ ಬ್ರೆಡ್ಡಿಗೆ, ಎರಡನೆಯದು ಅಂಗಡಿಗಳಿಗೆ. ಕಲಸಿದ ಹಿಟ್ಟು ತೊಟ್ಟಿಯಲ್ಲಿ ಬಟ್ಟೆ ಹೊದ್ದು ಮಲಗಿ ಉಬ್ಬುತ್ತದೆ. ಉಬ್ಬಿ ಹದಕ್ಕೆ ಬಂತೋ, ತಕ್ಷಣ ಮೇಜಿನ ಮೇಲೆ ಸುರಿದು, ತುಂಡು ಮಾಡಿ, ತೂಗಿ, ಉಂಡೆ ಕಟ್ಟಿ, ಟಿನ್ನುಗಳಿಗೆ ತುಂಬಬೇಕು. ಆಮೇಲೆ ನೋಡೋಣ ಅಂದರೆ ಹಿಟ್ಟು ಕುಸಿದು ಹುಳಿಯಾಗುತ್ತದೆ. ಆ ಹೊತ್ತಿನಲ್ಲಿ ಹಿಟ್ಟಿನ ಮೇಜಿನ ಏಳು ಹೆಂಗಸರಿಗೆ ಮೂಗು ತುರಿಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ, ಕೈ ಮೊಣಕೈವರೆಗೆ ಹಿಟ್ಟಾಗಿರುತ್ತದೆ. ನಮ್ಮ ಸಂಘದ ಸಭೆ ಸರಿಯಾಗಿ ಎರಡನೇ ಹಿಟ್ಟಿನ ಆ ಹೊತ್ತಿಗೇ.

ವ್ಯಾನು ಆಗ ತಾನೇ ವಾಪಸ್ಸು ಬಂದಿರುತ್ತದೆ, ಓವನ್ನು ಖಾಲಿ ಇರುತ್ತದೆ, ಹಾಗಾಗಿ ಅದೇ ಎಲ್ಲರಿಗೂ ಅನುಕೂಲ ಅಂತ ಅಧ್ಯಕ್ಷ ಶುರುವಿನಲ್ಲೇ ಹೇಳಿಬಿಟ್ಟ. ಎಲ್ಲರಿಗೂ ಅಂದರೆ ಆರು ಜನ ಗಂಡಸರಿಗೆ. ಪಕ್ಕದ ಕೋಣೆಯಲ್ಲಿ ಅವರು ಕೂತು ಟೀ ಕುಡಿದು ತೀರ್ಮಾನ ಮಾಡುತ್ತಾರೆ. ಕೊನೆಯಲ್ಲಿ 'ನಾವೆಲ್ಲ' ಬಾಗಿಲಿಗೆ ಬಂದು ತಲೆಯಷ್ಟೇ ಒಳಗೆ ಹಾಕಿ, "ಯಾರಿಗಾದ್ರೂ ಆಕ್ಷೇಪಣೆ ಇದೆಯೇನ್ರಮ್ಮಾ?" ಅನ್ನುತ್ತಾನೆ. ಏನಕ್ಕೆ ಆಕ್ಷೇಪಣೆ ಅಂತ ನಮಗೆ ಗೊತ್ತಿದ್ದರೆ ತಾನೇ? ನಮ್ಮ ಗಮನ ಪೂರ್ತಿ ತಕ್ಕಡಿಯ ಮುಳ್ಳಿನ ಮೇಲೆ. "ಸರಿ ಹಾಗಾದ್ರೆ, ಎಲ್ಲರ ಒಪ್ಪಿಗೆ" ಅಂತ ತಲೆ ಎಳೆದುಕೊಳ್ಳುತ್ತಾನೆ. ನಮ್ಮ ಮೇಜಿನ ಮೇಲಿದ್ದ ಫ್ಯಾನು ಆಫೀಸಿಗೆ ಹೋದದ್ದು ನಮ್ಮ ಒಪ್ಪಿಗೆಯಿಂದ. ನಮ್ಮ ಬಟ್ಟೆ ಬದಲಾಯಿಸುವ ಕೋಣೆ ಮೈದಾ ಮೂಟೆಗಳ ಗೋದಾಮಾದದ್ದು ನಮ್ಮ ಒಪ್ಪಿಗೆಯಿಂದ. ಪ್ರತಿ ಸಲ ಅವನೇ ಅಧ್ಯಕ್ಷನಾದದ್ದೂ ನಮ್ಮ ಒಪ್ಪಿಗೆಯಿಂದ.

ಗೊತ್ತಿಲ್ಲದೆ ಮಾಡುತ್ತಿದ್ದರೆ ಹೋಗಲಿ ಪಾಪ ಅನ್ನಬಹುದಿತ್ತು. ಆದರೆ ಹಳೆಯ ಮಾಲೀಕನ ಕಾಲದಲ್ಲಿ ಅವನೂ ಅದೇ ಮೇಜಿನಲ್ಲಿ, ನಮ್ಮ ಭುಜಕ್ಕೆ ಭುಜ ತಾಗಿಸಿ, ಹಿಟ್ಟು ನಾದಿದವನು. ಆಗ ನಾವು ಅವನನ್ನು ಅಣ್ಣ ಅನ್ನುತ್ತಿದ್ದೆವು. ಹಿಟ್ಟಿನ ಹೊತ್ತಿನಲ್ಲಿ ಮೇಜು ಬಿಟ್ಟು ಯಾರೂ ಅಲುಗಾಡುವುದಿಲ್ಲ ಅನ್ನುವುದು ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ನಮಗೆ ಹಿಟ್ಟಿನ ಮೇಲಿರುವ ಪ್ರೀತಿಯನ್ನೇ ಹಗ್ಗ ಮಾಡಿ ನಮ್ಮನ್ನು ಕಟ್ಟಿಹಾಕಿದ್ದಾನೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಇಷ್ಟು ದಿನ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ ನಾನು ಸಿಡಿದದ್ದು ನನ್ನ ಅಕ್ಕನ ವಿಷಯಕ್ಕೆ. ಒಡಹುಟ್ಟಿದ ಅಕ್ಕನಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಮನೆ, ಒಂದೇ ಅಡುಗೆಮನೆ, ಒಂದೇ ಹಿಟ್ಟಿನ ಮೇಜು. ಬೇಕರಿ ಮುಚ್ಚಿದಾಗ ಮೊದಲು ಎದ್ದು ನಿಂತವಳು ಅವಳು. ಗಂಡಸರೆಲ್ಲ ತಲೆ ಮೇಲೆ ಕೈ ಹೊತ್ತು ಗೇಟಿನ ಮುಂದೆ ಕೂತಿದ್ದಾಗ, "ಹೀಗೇ ಕೂತ್ಕೊಂಡಿದ್ರೆ ಓವನ್ನು ತಾನಾಗೇ ಹತ್ಕೊಳ್ಳುತ್ತಾ?" ಅಂತ ಬೀಗದ ಕೈ ಇಸಿದುಕೊಂಡು ಒಳಗೆ ಹೋದಳು. ಇವತ್ತು ಆ ಗಂಡಸರು ಟೀ ಕುಡಿಯುವ ಕೋಣೆಗೆ ಕಸ ಹೊಡೆದು ದೀಪ ಹಾಕಿದವಳೂ ಅವಳೇ.

ನಿಂತು ನಿಂತು ಅಕ್ಕನ ಕಾಲಿನ ನರಗಳು ಉಬ್ಬಿಕೊಂಡಿದ್ದವು. ಎಡಗಾಲಿನ ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಗಿ ಒಂದು ಹುಣ್ಣೆದ್ದಿತು. ಎಷ್ಟು ಮುಲಾಮು ಹಚ್ಚಿದರೂ ಆರಲಿಲ್ಲ. ಡಾಕ್ಟರಮ್ಮ ನೋಡಿ ನೇರವಾಗಿ ಹೇಳಿದರು: "ನಿಂತು ಮಾಡೋ ಕೆಲಸ ಇನ್ನು ಸಾಕು. ಕೂತು ಮಾಡೋದಿದ್ರೆ ಮಾಡಿ. ಇಲ್ಲದಿದ್ರೆ ಇದು ವಾಸಿಯಾಗಲ್ಲ, ಕಾಲೇ ಕೈಕೊಡುತ್ತೆ."

ನಮ್ಮ ಬೇಕರಿಯಲ್ಲಿ ಕೂತು ಮಾಡುವ ಕೆಲಸ ಒಂದೇ ಒಂದು. ಪ್ಯಾಕಿಂಗ್ ಕೋಣೆಯಲ್ಲಿ, ಯಂತ್ರ ಕತ್ತರಿಸಿ ಕೊಟ್ಟ ಬ್ರೆಡ್ಡನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು. ಅಲ್ಲಿದ್ದ ಅಜ್ಜಿ ಕಣ್ಣು ಮಂಜಾಯಿತೆಂದು ಅದೇ ತಿಂಗಳು ಕೆಲಸ ಬಿಟ್ಟಿದ್ದಳು. ಖಾಲಿಯಾದ ಜಾಗ ಎಲ್ಲರಿಗಿಂತ ಹಿರಿಯರಿಗೆ ಹೋಗಬೇಕು ಅನ್ನುವುದು ನಾವೇ ಮಾಡಿಕೊಂಡ ನಿಯಮ. ಅಕ್ಕನಿಗಿಂತ ಹಿರಿಯರಿಲ್ಲ. ಆ ಜಾಗ ಸಿಗದಿದ್ದರೆ ಅವಳು ಬೇಕರಿ ಬಿಡಬೇಕು. ಬಿಟ್ಟವರಿಗೆ ಸಂಘದಲ್ಲಿ ಮತವೂ ಇಲ್ಲ, ಮಾತೂ ಇಲ್ಲ.

"ಬಿಡು, ಮನೇಲಿರು, ನಾವು ನೋಡ್ಕೊಳ್ತೀವಿ" ಅಂದರು ಭಾವ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು. ಅಕ್ಕ ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಇನ್ನೊಂದು ಸಲ ಒಗೆಯುತ್ತ ಕೂತಳು. ನಾನು ಹಿಂದೆಯೇ ಹೋದೆ. "ನಾನು ಕಟ್ಟಿದ ಮನೆಯಿಂದ ನನ್ನೇ ಹೊರಗೆ ಹಾಕಿದ ಹಾಗಾಗುತ್ತೆ ಕಣೇ" ಅಂದಳು. ಅವಳ ಕಣ್ಣಲ್ಲಿ ನೀರು ನಾನು ನೋಡಿದ್ದು ಅವತ್ತೇ ಮೊದಲು.

ಮಾರನೇ ದಿನ ಅಕ್ಕ ಹೋಗಿ ನಾವೆಲ್ಲನನ್ನು ಕೇಳಿದಳು. ಅವನು ಎದ್ದು ಕುರ್ಚಿ ಎಳೆದು ಕೂರಿಸಿದನಂತೆ, ನೀರು ಕೊಟ್ಟನಂತೆ. "ನಿನಗೆ ಕೊಡದೆ ಇನ್ಯಾರಿಗೆ ಕೊಡ್ತೀವಮ್ಮಾ? ನನ್ನೊಬ್ಬನ ಕೈಲಿದ್ದಿದ್ರೆ ಈಗಲೇ ಕೂರಿಸ್ತಿದ್ದೆ. ಆದ್ರೆ ನಾವೆಲ್ಲ ಸೇರಿ ತೀರ್ಮಾನ ಮಾಡ್ಬೇಕಲ್ಲ? ಮುಂದಿನ ಸಭೆಗೆ ಇಡೋಣ" ಅಂದನಂತೆ. ಅಕ್ಕ ಮುಖ ಅರಳಿಸಿಕೊಂಡು ಬಂದಳು.

"ಮೂಗಿಗೆ ತುಪ್ಪ ಸವರಿ ಕಳಿಸಿದಾನೆ ಅಷ್ಟೆ" ಅಂದೆ.

"ನಿನಗೆ ಯಾರನ್ನ ಕಂಡ್ರೂ ಅನುಮಾನ. ಎಷ್ಟಂದ್ರೂ ನಮ್ಮ ಜೊತೆ ಕೆಲಸ ಮಾಡಿದೋರು" ಅಂತ ನನ್ನ ಬಾಯಿ ಮುಚ್ಚಿಸಿದಳು.

ಎರಡು ದಿನವಾಗಿರಲಿಲ್ಲ, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ವ್ಯಾನ್ ಡ್ರೈವರ್ ಬಂದು ಅತ್ತಿತ್ತ ನೋಡಿ ಪಿಸುಗುಟ್ಟಿದ: "ಅಕ್ಕಾವ್ರೇ, ನಾನು ಹೇಳ್ದೆ ಅಂತ ಹೇಳ್ಬೇಡಿ. ಪ್ಯಾಕಿಂಗಿನ ಜಾಗ ಅಧ್ಯಕ್ಷರ ಸೊಸೆಗೆ ಅಂತ ಆಗಿದೆ. ಸಂಘಕ್ಕೂ ಸೇರಿಸ್ಕೊಳ್ತಾರಂತೆ. ನಮ್ಮನ್ನ ಒಬ್ಬೊಬ್ಬರನ್ನೇ ಕರೆದು ಮಾತಾಡಿದಾರೆ."

"ನಿನಗೇನು ಕೊಟ್ರಪ್ಪ?"

ಅವನು ಚಪ್ಪಲಿ ನೋಡಿಕೊಂಡ. "ಭಾನುವಾರ ರಜ" ಅಂದ.

ಒಬ್ಬನಿಗೆ ಭಾನುವಾರ, ಇನ್ನೊಬ್ಬನಿಗೆ ಓವನ್ನಿನ ಝಳ ಬಡಿಯದ ಕಡೆ ಜಾಗ, ಮತ್ತೊಬ್ಬನ ಭಾಮೈದನಿಗೆ ಕ್ಲೀನರ್ ಕೆಲಸ. ಹಂಚಿದ್ದೆಲ್ಲ ನಮ್ಮೆಲ್ಲರದು, ಹೆಸರು ಮಾತ್ರ ಅವನದು. ನನಗೆ ಪಿತ್ತ ನೆತ್ತಿಗೇರಿತು. ಕೈ ಒರೆಸಿಕೊಳ್ಳದೆ ನೇರ ಅವನ ಕೋಣೆಗೆ ಹೋದೆ. ಸೊಸೆಯ ಮಾತೆತ್ತಲಿಲ್ಲ, ಡ್ರೈವರ್‌ನ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತದೆ ಅಂತ. ಇಷ್ಟೇ ಕೇಳಿದೆ: "ಅಧ್ಯಕ್ಷರೇ, ಈ ಸಲ ಸಭೆ ಒಂದು ಗಂಟೆ ತಡವಾಗಿ ಇಡಿ. ಮೇಜಿನವರೂ ಬರ್ತೀವಿ."

"ಬರ್ಬೇಕಮ್ಮಾ, ನೀವೆಲ್ಲ ಬರ್ಬೇಕು ಅಂತಾನೇ ನನ್ನ ಆಸೆ" ಅಂತ ಅವನು ನಕ್ಕ. "ಆದ್ರೆ ಆ ಹೊತ್ತು ಎಲ್ಲರೂ ಒಪ್ಪಿ ಇಟ್ಟಿದ್ದು. ನಾನೊಬ್ಬನೇ ಹೇಗೆ ಬದಲಾಯಿಸ್ಲಿ? ಬದಲಾಯಿಸ್ಬೇಕು ಅಂತಿದ್ರೆ ಸಭೆಗೆ ಬಂದು ಕೇಳು."

ಸಭೆಗೆ ಬರಲಾಗುವುದಿಲ್ಲ ಅಂತ ಹೇಳಲು ಬಂದವಳಿಗೆ ಸಭೆಗೆ ಬಂದು ಹೇಳು ಅನ್ನುತ್ತಾನೆ! ಹಾಗೆ ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆ ಕೊಂಕಲಿಲ್ಲ. ನನ್ನ ಕೈಯಲ್ಲಿದ್ದ ಹಿಟ್ಟನ್ನು ಅವನ ಮೇಜಿನ ಅಂಚಿಗೆ ಚೆನ್ನಾಗಿ ಒರೆಸಿ ಬಂದೆ.

ಆವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮೇಜಿನ ಉಳಿದ ಆರು ಹೆಂಗಸರಿಗೂ ಹೇಳಿದೆ. ಸಂಘದಲ್ಲಿ ಈಗ ಹದಿಮೂರು ಜನ. ಗಂಡಸರು ಆರು, ನಾವು ಏಳು. ಆರಕ್ಕೆ ಆರು ಸಮ ಬಂದರೆ ಅಧ್ಯಕ್ಷನಿಗೆ ಇನ್ನೊಂದು ಮತ ಅಂತ ನಿಯಮ, ಅವನು ಗೆದ್ದ ಹಾಗೇ. ಹಾಗಾಗಿ ನಮ್ಮಲ್ಲಿ ಒಬ್ಬಳೂ ಮೇಜಿನ ಹತ್ತಿರ ಉಳಿಯುವ ಹಾಗಿಲ್ಲ. ಏಳೂ ಜನ ಹಿಟ್ಟು ಬಿಟ್ಟು ಹೋಗಬೇಕು.

ಎಲ್ಲರ ಕೈಯಲ್ಲಿದ್ದ ತುತ್ತು ಅಲ್ಲಲ್ಲೇ ನಿಂತಿತು. ನಮ್ಮಲ್ಲಿ ಕುಳ್ಳಿ ಅಂತ ಒಬ್ಬಳಿದ್ದಾಳೆ, ಬಾಯಿ ಜೋರು, ಯಾರಿಗೂ ಹೆದರದವಳು. ಅವಳೇ ಅಳುಮುಖ ಮಾಡಿದಳು. "ಉಬ್ಬಿದ ಹಿಟ್ಟನ್ನ ಬಿಟ್ಟು ಹೋಗೋದಾ? ಹೇಗೇ ಮನಸ್ಸು ಬರುತ್ತೆ?"

"ಆಸ್ಪತ್ರೆಯದು ಮೊದಲನೇ ಹಿಟ್ಟಲ್ಲೇ ಮುಗಿದಿರುತ್ತೆ. ರೋಗಿಗಳಿಗೆ ಬ್ರೆಡ್ ಹೋಗುತ್ತೆ. ಅಂಗಡಿಯೋರಿಗೆ ಒಂದಿನ ಇಲ್ಲ ಅಂದ್ರೆ ಯಾರೂ ಸಾಯಲ್ಲ" ಅಂದೆ.

"ನನಗೋಸ್ಕರ ಹಿಟ್ಟು ಹಾಳು ಮಾಡ್ಬೇಡಿ ಕಣ್ರೇ" ಅಂದಳು ಅಕ್ಕ.

"ನಿನಗೊಬ್ಬಳಿಗೋಸ್ಕರ ಅಂತ ಯಾರು ಹೇಳಿದ್ದು? ನಾಳೆ ನಮ್ಮ ಕಾಲಿಗೂ ಇದೇ ಗತಿ" ಅಂದಳು ಕುಳ್ಳಿ. ಅಲ್ಲಿಗೆ ಮಾತು ಮುಗಿಯಿತು. ಆದರೂ ಆಮೇಲೆ ಯಾರಿಗೂ ಊಟ ಸೇರಲಿಲ್ಲ.

ಸಭೆಯ ದಿನ ಎರಡನೇ ಹಿಟ್ಟು ಎಂದಿಗಿಂತ ಚೆನ್ನಾಗಿ ಉಬ್ಬಿತ್ತು. ಹೊಟ್ಟೆ ಉರಿಸಲೆಂದೇ ಉಬ್ಬಿತ್ತು ಅನ್ನಬೇಕು. ಬಟ್ಟೆ ಸರಿಸಿ ನೋಡಿದರೆ ನುಣ್ಣಗೆ, ಬೆಚ್ಚಗೆ, ಒತ್ತಿದ ಬೆರಳ ಗುರುತು ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು. ಅಭ್ಯಾಸಬಲ, ಎಲ್ಲರೂ ತೊಟ್ಟಿಗೆ ಕೈ ಹಾಕಿ ಮೊದಲ ಒಂದು ರಾಶಿ ಮೇಜಿಗೆ ಸುರಿದೇಬಿಟ್ಟಿದ್ದೆವು. ನಾನು ಬಟ್ಟೆ ಎಳೆದು ಮುಚ್ಚಿ, "ನಡೀರಿ" ಅಂದೆ. ಕೈ ತೊಳೆದರೆ ಮನಸ್ಸು ಬದಲಾದೀತು ಅಂತ ತೊಳೆಯಲೂ ಬಿಡಲಿಲ್ಲ.

ನಾವು ಏಳೂ ಜನ ಒಳಗೆ ಕಾಲಿಟ್ಟಾಗ ಆ ಕೋಣೆಯಲ್ಲಿ ಟೀ ಲೋಟ ಇಡುವ ಸದ್ದೂ ನಿಂತಿತು. ನಾವೆಲ್ಲನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅವನು ಮೊದಲು ನೋಡಿದ್ದು ನಮ್ಮ ಮುಖವನ್ನಲ್ಲ, ನಮ್ಮ ಕೈಗಳನ್ನು.

"ಹಿಟ್ಟು?" ಅಂದ.

"ಇದೆ" ಅಂದೆ. "ಪ್ಯಾಕಿಂಗಿನ ಜಾಗದ ವಿಷಯ ತೆಗೀರಿ. ಕೈ ಎತ್ತಿ ಹೋಗ್ತೀವಿ."

ಒಂದು ಗಳಿಗೆ ಅವನು ತಬ್ಬಿಬ್ಬಾದದ್ದು ನಿಜ. ಆಮೇಲೆ ಆ ಬೆಣ್ಣೆ ನಗು ವಾಪಸ್ಸು ಬಂತು. "ಆಯ್ತಮ್ಮಾ, ಸಂತೋಷ. ನಾವೆಲ್ಲ ಸೇರಿದ್ದು ಎಷ್ಟು ದಿನಕ್ಕೆ! ಆದ್ರೆ ಒಂದೊಂದೇ ವಿಷಯ ಸಾಲಾಗಿ ತಗೊಳ್ಬೇಕಲ್ಲ? ಮೊದಲು ವ್ಯಾನಿನ ಟೈರು" ಅಂದ.

ವ್ಯಾನಿನ ಟೈರಿನ ಬಗ್ಗೆ ಒಬ್ಬ ಮನುಷ್ಯ ಅಷ್ಟು ಹೊತ್ತು ಮಾತಾಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಹಳೆಯ ಟೈರು, ಹೊಸ ಟೈರು, ರಸ್ತೆಯ ಸ್ಥಿತಿ. ಆಮೇಲೆ ಚಾವಣಿ ಸೋರುವುದು. ಆಮೇಲೆ ಇಲಿ. ಅವನ ಆಟ ನನಗೆ ತಿಳಿಯಿತು. ಹಿಟ್ಟಿಗೆ ಇನ್ನೆಷ್ಟು ಹೊತ್ತಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಒಬ್ಬಳಾದರೂ ತಡೆಯಲಾರದೆ ಎದ್ದು ಓಡುತ್ತಾಳೆ, ಒಬ್ಬಳು ಓಡಿದರೆ ಸಾಕು. ಇಲಿಯ ಬಗ್ಗೆ ಮಾತಾಡುತ್ತ ಮಾತಾಡುತ್ತ ಅವನು ನಮ್ಮ ಏಳು ಮುಖಗಳನ್ನು ಸಾಲಾಗಿ ಓದುತ್ತಿದ್ದ, ಯಾರು ಮೊದಲು ಅಂತ.

ಗೋಡೆಯಾಚೆಯಿಂದ ವಾಸನೆ ಬರತೊಡಗಿತು. ಮೊದಲು ಸಿಹಿ, ಆಮೇಲೆ ಸ್ವಲ್ಪ ಘಾಟು. ಕುಳ್ಳಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡಳು. ನನ್ನ ಕೈ ಮೇಲಿನ ಹಿಟ್ಟು ಒಣಗಿ ಚರ್ಮ ಎಳೆಯುತ್ತಿತ್ತು. ಎದ್ದವಳು ಕೊನೆಗೂ ಯಾರು ಗೊತ್ತೇ? ಅಕ್ಕ.

"ನಾನು ಹೋಗಿ ನೋಡ್ತೀನಿ. ನೀವು ಕೈ ಎತ್ತಿ" ಅಂದಳು ಮೆಲ್ಲಗೆ. ಅವಳ ಕಾಲು, ಅವಳ ಜಾಗ, ಅವಳ ಮತ. ಆದರೂ ಹಿಟ್ಟು ಹಾಳಾಗುವುದನ್ನು ಕೂತು ನೋಡಲು ಅವಳಿಂದ ಆಗುತ್ತಿರಲಿಲ್ಲ. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ನೋವಾಗುವ ಹಾಗೆಯೇ ಹಿಡಿದೆ.

"ಹೋಗ್ಲಿ ಬಿಡಮ್ಮಾ" ಅಂದ ನಾವೆಲ್ಲ, ಜೇನಿನಂಥ ದನಿಯಲ್ಲಿ. "ಹಿರಿಯಳು, ಅನ್ನದ ಬೆಲೆ ಗೊತ್ತಿರೋಳು."

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. "ಅನ್ನದ ಬೆಲೆ ನಿಮಗೂ ಗೊತ್ತಿತ್ತಲ್ಲ ಒಂದು ಕಾಲದಲ್ಲಿ!" ಅಂತ ಕಿರುಚಿದೆ. "ಹಿಟ್ಟಿನ ಹೊತ್ತಿಗೆ ಸಭೆ ಇಟ್ಟು, ಆಕ್ಷೇಪಣೆ ಇದೆಯಾ ಅಂತ ಬಾಗಿಲಲ್ಲಿ ಇಣುಕಿ ಕೇಳೋದಕ್ಕೆ ನಾಚಿಕೆಯಾಗಲ್ವಾ? ಇದೆ! ಇಷ್ಟು ವರ್ಷದ್ದೂ ಸೇರಿಸಿ ಇದೆ! ಅಲ್ಲಿ ಹುಳಿ ಬರ್ತಿರೋದು ನಾವು ಬಿಟ್ಟು ಬಂದಿದ್ದಕ್ಕಲ್ಲ, ನೀವು ಇಲಿ ಕಥೆ ಹೇಳ್ತಿರೋದಕ್ಕೆ. ಈಗ ಕೈ ಎತ್ತಿಸ್ತೀರೋ, ಇಲ್ಲ ನಾನೇ ಎತ್ತಿಸ್ಲೋ?"

ಬಾಗಿಲ ಹತ್ತಿರ ಅವನ ಸೊಸೆ ನಿಂತಿದ್ದಳು, ಆವತ್ತೇ ಸಂಘಕ್ಕೆ ಸೇರಿಸಿಕೊಳ್ಳುವುದಿದೆ ಅಂತ ಕರೆಸಿದ್ದನೇನೋ. "ಮಾವ" ಅಂದಳು ಆ ಹುಡುಗಿ, "ನನಗೆ ಈ ಕೆಲಸ ಬೇಕು ಅಂತ ನಾನು ಕೇಳೇ ಇಲ್ಲವಲ್ಲ." ಕೆಟ್ಟ ಹುಡುಗಿಯಲ್ಲ ಅವಳು. ಅವಳ ಒಪ್ಪಿಗೆಯನ್ನೂ ಹೀಗೇ ಬಾಗಿಲಲ್ಲಿ ಇಣುಕಿ ಪಡೆದಿರಬೇಕು.

ಕೈ ಎತ್ತಿಸಲೇಬೇಕಾಯಿತು. ಅಕ್ಕನ ಪರ ಏಳು ಕೈ ಮೇಲೆ ಹೋದವು, ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಗಳು. ಎದುರಿಗೆ ಐದು. ವ್ಯಾನ್ ಡ್ರೈವರ್ ಅರ್ಧ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡು ಇಳಿಸಿಬಿಟ್ಟ. ನಮ್ಮ ಸಂಘ ಹುಟ್ಟಿದ ಮೇಲೆ ಹಿಟ್ಟಿನ ಕೈಗಳು ಆ ಕೋಣೆಯಲ್ಲಿ ಮೇಲೆದ್ದದ್ದು ಅದೇ ಮೊದಲು. ಸಭೆಯ ಹೊತ್ತನ್ನೂ ಬದಲಾಯಿಸಿಯೇ ಹೊರಗೆ ಬಂದೆವು.

ಗೆದ್ದೆವು ಅಂತ ಕುಣಿಯಲಿಲ್ಲ. ಮೇಜಿನ ಮೇಲೆ ಹಿಟ್ಟು ಕುಸಿದು, ಅಂಚಿನಿಂದ ಜಾರಿ ನೆಲಕ್ಕೆ ಇಳಿದಿತ್ತು. ತೊಟ್ಟಿಯಲ್ಲಿದ್ದದ್ದೂ ಹುಳಿಯಾಗಿತ್ತು. ಏಳೂ ಜನ ಎಲ್ಲವನ್ನೂ ಕೆರೆದು ಬಕೆಟ್ಟುಗಳಿಗೆ ತುಂಬಿ ತಿಪ್ಪೆಗೆ ಸುರಿದು ಬಂದೆವು. ನನಗೆ ಅಳು ಬಂತು. ಹಿಟ್ಟಿನ ಮೇಲಿನ ಮರುಕಕ್ಕಲ್ಲ, ಸಿಟ್ಟಿಗೆ. ಒಬ್ಬ ಹೆಂಗಸು ಕೂತು ಕೆಲಸ ಮಾಡುವುದಕ್ಕೆ ಇಷ್ಟೆಲ್ಲ ಹಾಳಾಗಬೇಕಿತ್ತೇ?

ಅಕ್ಕ ಪ್ಯಾಕಿಂಗ್ ಕೋಣೆಯಲ್ಲಿ ಕೂತಳು. ಕಥೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮಾರನೇ ದಿನವೇ ನಾವೆಲ್ಲ ಯಾರನ್ನೋ ಬೇಕರಿ ತೋರಿಸಲು ಕರೆದುಕೊಂಡು ಬಂದ. ಯಂತ್ರಕ್ಕೆ ಕೊಡಬೇಕಾದ ಬ್ರೆಡ್ಡಿನ ತಟ್ಟೆಗಳ ಗಾಡಿ ತಳ್ಳಿಕೊಂಡು ನಾನೂ ಹಿಂದೆಯೇ ಪ್ಯಾಕಿಂಗ್ ಕೋಣೆಗೆ ಹೋದೆ. "ಇವರು ನಮ್ಮ ಹಿರಿಯ ಅಕ್ಕ" ಅಂತ ಅವನು ಪರಿಚಯ ಮಾಡಿಸುತ್ತಿದ್ದ. "ಪಾಪ, ಕಾಲು ಸರಿಯಿಲ್ಲ. ಹಾಗಾಗಿ ನಾವೆಲ್ಲ ಸೇರಿ ಈ ಜಾಗ ಮಾಡಿಕೊಟ್ಟಿದೀವಿ." ಕೈ ಎತ್ತಿದವರು ನಾವು, ಕೊಟ್ಟವನು ಅವನು! ಬಂದವರು ತಲೆದೂಗಿದರು. ಅಷ್ಟರಲ್ಲಿ ನನ್ನ ಅಕ್ಕ ಏನು ಮಾಡಿದಳು ಅಂದರೆ, ಮೇಜಿನ ಅಂಚು ಹಿಡಿದು, ಮುಖ ಕಿವುಚಿ, ಸ್ಟೂಲಿನಿಂದ ಇಳಿದು ಎದ್ದು ನಿಂತಳು.

"ಕೂತ್ಕೋ, ಕೂತ್ಕೋಮ್ಮಾ" ಅಂದ ಅವನು, ಅವಳು ಪೂರ್ತಿ ಎದ್ದು ನಿಂತ ಮೇಲೆ. "ನೀನು ಕೂರ್ಲಿ ಅಂತ ತಾನೇ ಕೊಟ್ಟಿರೋದು?"

ಆ ಮಾತಿನ ರುಚಿ ಅವನಿಗೆ ಹತ್ತಿತು. ಆಮೇಲೆ ದಿನಕ್ಕೆ ಎಷ್ಟು ಸಲ ಆ ಕೋಣೆಗೆ ಬರತೊಡಗಿದ ಅಂತ ಲೆಕ್ಕವಿಲ್ಲ. ಚೀಲ ಸಾಲುತ್ತಾ ಅಂತ ಒಂದು ಸಲ, ಕಿಟಕಿ ಸರಿಯಾಗಿದೆಯಾ ಅಂತ ಒಂದು ಸಲ, ಸುಮ್ಮನೆ ಒಂದು ಸಲ. ಬಾಗಿಲು ತೆರೆಯುತ್ತಾನೆ, ನಿಲ್ಲುತ್ತಾನೆ, ಅಕ್ಕ ಏಳುವವರೆಗೆ ಕಾಯುತ್ತಾನೆ, ಎದ್ದ ಮೇಲೆ "ಕೂತ್ಕೋ" ಅನ್ನುತ್ತಾನೆ. ಜಾಗ ತಪ್ಪಿಸಲಾಗಲಿಲ್ಲ, ಹಾಗಾಗಿ ದಿನಾ ಅವಳನ್ನು ಅದರಿಂದ ಎಬ್ಬಿಸಿ, ದಿನಾ ಹೊಸದಾಗಿ ದಾನ ಮಾಡುತ್ತಿದ್ದ. ನೀಚತನಕ್ಕೂ ಒಂದು ಮಿತಿ ಬೇಡವೇ?

ಒಂದು ಸಂಜೆ ಮನೆಯಲ್ಲಿ ಅವಳ ಕಾಲಿನ ಬ್ಯಾಂಡೇಜು ಬಿಚ್ಚಿದೆ. ಒಣಗುತ್ತ ಬಂದಿದ್ದ ಹುಣ್ಣು ಮತ್ತೆ ಬಾಯಿ ಬಿಟ್ಟಿತ್ತು. ನನ್ನ ಬಾಯಿಯೂ ಬಿಟ್ಟಿತು.

"ಯಾಕೆ ಏಳ್ತೀಯಕ್ಕ ಅವನಿಗೆ?"

"ದೊಡ್ಡೋರು ಬಂದಾಗ ಎದ್ರೆ ಏನು ಸವೆದು ಹೋಗ್ತೀನಾ?"

"ಹೌದು, ಸವೆದು ಹೋಗ್ತಿದೀಯ. ನೋಡು ಇಲ್ಲಿ, ಕಾಲು ನೋಡು! ಯಾವ ದೊಡ್ಡೋನು ಅವನು? ನಿನ್ನ ಪಕ್ಕದಲ್ಲಿ ನಿಂತು ಹಿಟ್ಟು ನಾದಿದೋನು. ತೊಟ್ಟಿ ಹಿಟ್ಟು ತಿಪ್ಪೆಗೆ ಹಾಕಿ ನಾವು ನಿನ್ನ ಕೂರಿಸಿದ್ದು, ಅವನು ಬಂದಾಗ ನೀನು ಎದ್ದು ನಿಲ್ಲೋಕಾ? ನಮ್ಮ ಏಳು ಜನರ ಕೈ ಅವನ ಕಾಲಡಿಗೆ ಹಾಕ್ತಿದೀಯ ನೀನು!"

ಜೋರಾಗಿಯೇ ಹೇಳಿದೆ. ಪಕ್ಕದ ಕೋಣೆಯಲ್ಲಿ ಭಾವ ಕೆಮ್ಮುವುದನ್ನೂ ನಿಲ್ಲಿಸಿದರು. ಅಕ್ಕನಿಗೆ ನಾನು ಆ ದನಿಯಲ್ಲಿ ಮಾತಾಡಿದ್ದೇ ಇಲ್ಲ. ಅವಳು ಬಟ್ಟೆಯ ಸುರುಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕಟ್ಟಿಕೊಂಡಳು. ಬೆಳಿಗ್ಗೆ ಬೇಕರಿಗೆ ಹೋಗುವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ಕುಂಟುತ್ತ ನಡೆದಳು. ನನ್ನ ನಾಲಿಗೆ ಅತಿಯಾಯಿತೇನೋ ಅಂದುಕೊಂಡೆ, ಆದರೆ ಒಂದು ಮಾತನ್ನೂ ವಾಪಸ್ಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಬ್ರೆಡ್ ಆರಿದ ಮೇಲೆ ನಾನು ತಟ್ಟೆಗಳನ್ನು ತಳ್ಳಿಕೊಂಡು ಪ್ಯಾಕಿಂಗ್ ಕೋಣೆಗೆ ಹೋದೆ. ಅಕ್ಕ ತಲೆ ಎತ್ತಲಿಲ್ಲ. ಒಂದೊಂದೇ ಬ್ರೆಡ್ಡನ್ನು ಚೀಲಕ್ಕೆ ಇಳಿಸಿ, ಬಾಯಿ ತಿರುವಿ, ಕಟ್ಟಿ ಬದಿಗಿಡುತ್ತಿದ್ದಳು. ನಾನು ತಟ್ಟೆಗಳನ್ನು ಇಳಿಸುತ್ತಿದ್ದಾಗ ಬಾಗಿಲು ತೆರೆಯಿತು. ನಾವೆಲ್ಲ ಬಂದು ನಿಂತ.

ಅಕ್ಕನ ಎರಡೂ ಕೈ ಮೇಜಿನ ಅಂಚಿಗೆ ಹೋದವು. ಅವಳ ಭುಜ ಒಂದಿಷ್ಟು ಮೇಲೇರಿತು. ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಅವಳು ಒಂದು ಕ್ಷಣ ಹಾಗೇ ಇದ್ದು, ಕೈ ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಬ್ರೆಡ್ ಎತ್ತಿಕೊಂಡಳು.

ಅವನು ಕಾದ. ಗಂಟಲು ಸರಿಮಾಡಿಕೊಂಡ. ಚೀಲದ ಕಟ್ಟು ಮುಟ್ಟಿ ನೋಡಿದ. ಮತ್ತೂ ಕಾದ. ಕೊನೆಗೆ, "ಕಾಲು ಹೇಗಿದೆಯಮ್ಮಾ ಈಗ?" ಅಂದ.

"ಕೂತಿದ್ರೆ ಚೆನ್ನಾಗಿರುತ್ತೆ" ಅಂದಳು ಅಕ್ಕ, ಚೀಲದ ಬಾಯಿ ಕಟ್ಟುತ್ತ.

'ಕೂತ್ಕೋ' ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಕೂತವಳಿಗೆ ಅದನ್ನು ಹೇಳುವುದು ಹೇಗೆ? ಅವನು ನನ್ನತ್ತ ನೋಡಿದ, ಬ್ರೆಡ್ಡಿನತ್ತ ನೋಡಿದ. ನಿಂತೇ ಇದ್ದ.

"ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ ಅಣ್ಣ" ಅಂದಳು ಅಕ್ಕ, ಅವನು ನಮ್ಮ ಮೇಜಿನಲ್ಲಿದ್ದಾಗ ಕರೆಯುತ್ತಿದ್ದ ಹಾಗೆಯೇ. "ಗಾಳಿಗೆ ಬ್ರೆಡ್ ಒಣಗುತ್ತೆ."

ಅವನು ಹೋದ. ಸಿಟ್ಟಿಗೋ ಮರೆವಿಗೋ ಬಾಗಿಲನ್ನು ಅರ್ಧ ತೆರೆದೇ ಬಿಟ್ಟಿದ್ದ. ನಾನು ಕಾಲಿಂದ ಒದ್ದು ಮುಚ್ಚಿದೆ.